ಮಾವನ ಯೆಜ್ಡಿ, 18 ವರ್ಷದ ಮೇಲೆ

ನನ್ನ ಸೋದರಮಾವ 1982ರಲ್ಲಿ ಕೊಂಡ ಯೆಜ್ಡಿ 250 ಬೈಕು, ಮೈಸೂರಿನ ಅವರ ಮನೆಯ ಹಿತ್ತಲ ಶೆಡ್ಡಿನಲ್ಲಿ ತೆಂಗಿನ ಮಟ್ಟೆ, ಸೌದೆಗಳ ನಡುವೆ 18 ವರ್ಷ ನಿಂತಿತ್ತು. ಗಾಡಿ ತಯಾರಾದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇದೇ ಊರಿನ ಯಾದವಗಿರಿಯಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಎಂಟು ವರ್ಷ ಓಡಿಸಿದ ಮಾವ, ಮಂಡಿನೋವಿನಿಂದ ಕಿಕ್ ಹೊಡೆಯಲಾಗದೆ ಅದನ್ನು ನಿಲ್ಲಿಸಿದ್ದರು. ಗುಜರಿಯವರು ಬಂದು ಬೆಲೆ ಕಟ್ಟಿದ ದಿನ ಮಾವನ ಮುಖ ನೋಡಲಾಗದೆ, ನಾವೇ ಸರಿಮಾಡೋಣ ಎಂದೆ. 2022ರ ಡಿಸೆಂಬರ್‌ನಿಂದ ಏಳು ತಿಂಗಳು, ಪ್ರತಿ ಭಾನುವಾರ, ಇಬ್ಬರೂ ಆ ಶೆಡ್ಡಿನಲ್ಲೇ ಕೂತೆವು.

ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಮೊದಲ ದಿನ ಅದನ್ನು ತುಳಿದಾಗ ಕಲ್ಲಿನಂತೆ ನಿಂತಿತು. ಇನ್ನೊಮ್ಮೆ ಒದೆಯಲು ಕಾಲೆತ್ತಿದಾಗ ಮಾವ, "ಒದೀಬೇಡ ಕಣೋ, ತುಕ್ಕು ಹಿಡಿದಿದೆ, ಪಿಸ್ಟನ್ ರಿಂಗ್ ಹೋಗುತ್ತೆ" ಎಂದು ತಡೆದರು. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಸುರಿದು ಒಂದು ವಾರ ಬಿಟ್ಟೆವು. ಮುಂದಿನ ಭಾನುವಾರ ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸುತ್ತಾ ಹೋದಂತೆ, ಅರ್ಧ ಗಂಟೆಯ ಮೇಲೆ ಸಿಲಿಂಡರಿನಲ್ಲಿ ಕಚ್ಚಿಕೊಂಡಿದ್ದ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಬಹುಕಾಲ ನಿಂತ ಗಾಡಿಯನ್ನು ಹೊರತೆಗೆಯುವವರು ಈ ಒಂದು ವಾರ ಕಾಯಲೇಬೇಕು.

ಎಂಜಿನ್ ತಿರುಗಿತೆಂದು ಹಾಗೆಯೇ ಓಡಿಸುವುದು ನನ್ನ ಪ್ರಕಾರ ದೊಡ್ಡ ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುವುದರಿಂದ, ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್‌ಗಳು ಬಿಗಿಯಾಗಿರಬೇಕು. ಡೈನಮೋ ಕಡೆಯ ಸೀಲ್ ಒಣಗಿದ್ದರೆ ಹೊರಗಿನ ಗಾಳಿ ಸೇರಿ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲನ್ನೇ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ನಮ್ಮ ಸೀಲ್‌ಗಳು ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಕ್ರ್ಯಾಂಕ್‌ಕೇಸನ್ನು ಎರಡು ಹೋಳು ಮಾಡಿ ಸೀಲ್, ಬೇರಿಂಗ್ ಎಲ್ಲವನ್ನೂ ಬದಲಿಸಿದೆವು. ಸಿಲಿಂಡರನ್ನು ಮಾತ್ರ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ, ಅಂದರೆ ಒಳಮೈ ಕೊರೆಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ತಂದೆವು.

ಜೋಡಿಸುವಾಗ ತಪ್ಪು ನಡೆದದ್ದು ನನ್ನಿಂದ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಾಲುವೆಯಲ್ಲಿ ಒಂದು ಸಣ್ಣ ಪಿನ್ ಇರುತ್ತದೆ, ರಿಂಗಿನ ಎರಡು ತುದಿಗಳು ಅದರ ಅಕ್ಕಪಕ್ಕಕ್ಕೇ ಬಂದು ಕೂರಬೇಕು. ಸರಿಯಾಗಿ ನೋಡದೆ ಸಿಲಿಂಡರನ್ನು ಕೆಳಗೆ ಒತ್ತಿದೆ. ಟಿಕ್ ಎಂದು ಸದ್ದಾಯಿತು. ಮಾವ ಬೈಯಲಿಲ್ಲ, ಮುರಿದ ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಹೊಸ ರಿಂಗ್ ಸಿಗಲು ಹದಿನೈದು ದಿನ ಹಿಡಿಯಿತು.

ಟ್ಯಾಂಕಿನ ತುಕ್ಕಿಗೆ ಅತ್ತೆ ಹುಣಸೆಹುಳಿ ಸೂಚಿಸಿದರು. ಗಟ್ಟಿಯಾಗಿ ಕಿವುಚಿದ ಹುಳಿನೀರಿನ ಜೊತೆ ಒಂದು ಹಿಡಿ ಜಲ್ಲಿ ಹಾಕಿ ದಿನಕ್ಕೆರಡು ಸಲ ಕುಲುಕುತ್ತಾ ಐದು ದಿನ ಇಟ್ಟೆವು. ಬಗ್ಗಿಸಿದಾಗ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬಂತು. ಆಮೇಲೆ ಸೋಡಾಪುಡಿಯ ನೀರಿನಿಂದ ತೊಳೆದು, ಬಿಸಿಲಿಗೆ ಒಣಗಿಸಿ, ತಡಮಾಡದೆ ಆಯಿಲ್ ಬೆರೆಸಿದ ಪೆಟ್ರೋಲ್ ಆಡಿಸಿದೆವು. ಇಲ್ಲದಿದ್ದರೆ ಮರುದಿನವೇ ಹೊಸ ತುಕ್ಕು ಏಳುತ್ತದೆ. ವೈರಿಂಗ್, ಟೈರು, ಬ್ರೇಕ್ ಶೂ ಎಲ್ಲವೂ ಹೊಸವು. ಬಣ್ಣವನ್ನು ಮಾತ್ರ ಮಾವ ಮುಟ್ಟಗೊಡಲಿಲ್ಲ.

ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂರಿಸಿದ್ದು ಮಾವನೇ. ತೆರೆದಾಗ ಕಿಡಿ ಹಾರಿಸುವ ಪಾಯಿಂಟ್‌ಗಳ ಅಂತರವನ್ನು 0.4 ಮಿ.ಮೀ.ಗೆ ಇಟ್ಟು, ಪಾಯಿಂಟ್‌ಗಳ ನಡುವೆ ಸಿಗರೇಟ್ ಕಾಗದದ ತುಂಡೊಂದನ್ನು ಸಿಕ್ಕಿಸಿ, ನನಗೆ ಎಂಜಿನ್ ಮೆಲ್ಲಗೆ ತಿರುಗಿಸಲು ಹೇಳಿದರು. ಕಾಗದ ಸಡಿಲವಾಗಿ ಜಾರಿದ ಗಳಿಗೆಯೇ ಪಾಯಿಂಟ್ ತೆರೆಯುವ, ಕಿಡಿ ಹಾರುವ ಗಳಿಗೆ. 71 ವರ್ಷದ ಅವರ ಬೆರಳು ಒಂದಿಷ್ಟೂ ನಡುಗಲಿಲ್ಲ.

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬೆರೆಸಿ, ಜುಲೈಯ ಒಂದು ಬೆಳಗ್ಗೆ ಕಿಕ್ ಹೊಡೆದಾಗ ಏಳನೆಯದಕ್ಕೆ ಎರಡೂ ಸೈಲೆನ್ಸರ್ ಒಟ್ಟಿಗೆ ಗುಡುಗಿದವು. ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಆರ್‌ಸಿ ನವೀಕರಣ ಮುಗಿದ ಮೇಲೆ, ಹಿಂದೆ ಮಾವನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿಬಂದೆ. ಪ್ಲಗ್ ಬಿಚ್ಚಿ ನೋಡಿದರೆ ಮಸಿಗಟ್ಟಿತ್ತು, ಅಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿತ್ತು. ಕಾರ್ಬ್ಯುರೇಟರ್ ಸೂಜಿಯನ್ನು ಒಂದು ಗೀರು ಕೆಳಗಿಳಿಸಿದೆವು. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋಗಿಬಂದಾಗ ಪ್ಲಗ್ಗಿನ ತುದಿಗೆ ಇಟ್ಟಿಗೆ ಬಣ್ಣ ಬಂದಿತ್ತು, ಮಿಶ್ರಣ ಹದಕ್ಕೆ ಬಂದಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ಪಂಚೆಯ ಅಂಚಿನಲ್ಲಿ ಒರೆಸಿ, ತಾವೇ ತಿರುಗಿಸಿ ಕೂರಿಸಿದರು.