ಕಾಕಾನ ಹಳೇ ಯೂಸ್‌ನೆಟ್ ಪೋಸ್ಟ್ ಬ್ರೌಸರ್‌ನಾಗ ತಂದಿದ್ದು: ನನ್ನ ಅನುಭವ

ನಮ್ಮ ಕಾಕಾ 1990ರ ದಶಕದಾಗ ಎಂಎಸ್ ಮಾಡಾಕ ಅಮೆರಿಕಾಕ್ಕ ಹೋಗಿದ್ರು, ಈಗ ರಿಟೈರ್ ಆಗಿ ಬೆಳಗಾವಿಯ ಟಿಳಕವಾಡಿ ಮನ್ಯಾಗ ಅದಾರ. ಅಮೆರಿಕಾದಾಗ ಇದ್ದಾಗ ರಾತ್ರಿ ಲ್ಯಾಬ್‌ನಾಗ ಕುಂತು ಯೂಸ್‌ನೆಟ್‌ನಾಗ ಬರೀತಿದ್ರಂತ, ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ ಅನ್ನೋ ಗ್ರೂಪಿನ್ಯಾಗ. "ಅದನ್ನೆಲ್ಲಾ ನನ್ನ ಮೊಬೈಲಿನ್ಯಾಗ ಒಮ್ಮೆ ನೋಡಾಕ ಆಗ್ತದೇನೋ ತಮ್ಮಾ" ಅಂತ ಕೇಳಿದ್ರು. ಅಲ್ಲಿಂದ ಶುರು ಆತು ನನ್ನ ಕೆಲಸ.

ಯೂಸ್‌ನೆಟ್ ಗೊತ್ತಿಲ್ಲದವರಿಗೆ: ಅದು ವಿಷಯಕ್ಕೊಂದು ಗ್ರೂಪಿನ್ಯಾಗ ಜನ ಪೋಸ್ಟ್ ಬರದು, ಒಬ್ಬರಿಗೊಬ್ಬರು ಉತ್ತರ ಕೊಡೋ ಜಾಲ. 1979ರಾಗ ಡ್ಯೂಕ್ ಯೂನಿವರ್ಸಿಟಿಯ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಅನ್ನೋ ಇಬ್ರು ವಿದ್ಯಾರ್ಥಿಗಳು ವಿಚಾರ ಮಾಡಿ 1980ರಾಗ ಚಾಲೂ ಮಾಡಿದ್ದು, ಅಂದ್ರ ವೆಬ್ ಹುಟ್ಟೋಕಿಂತ ಭಾಳ ಮೊದಲಿಂದು. ಇದಕ್ಕ ಒಬ್ಬ ಮಾಲಕ ಅಂತ ಇಲ್ಲ. ನೀವು ಬರದದ್ದು ನಿಮ್ಮ ಸರ್ವರ್‌ನಿಂದ ಬಾಜೂ ಸರ್ವರ್‌ಗೆ, ಅಲ್ಲಿಂದ ಮುಂದಿಂದಕ್ಕ ಹಂಗ ಹೋಗ್ಕೋತ ಎಲ್ಲಾ ಕಡೆ ಮುಟ್ಟತಿತ್ತು. ಬ್ರೌಸರ್‌ನಾಗ ಓದಾಕ ಜನ ಗೂಗಲ್ ಗ್ರೂಪ್ಸ್ ಬಳಸ್ತಿದ್ರು, ಆದ್ರ 2024ರ ಫೆಬ್ರುವರಿ 22ರಿಂದ ಅಲ್ಲಿ ಹೊಸ ಯೂಸ್‌ನೆಟ್ ಪೋಸ್ಟ್ ಬರೂದು ನಿಂತತಿ, ಹಳೇವು ಅಷ್ಟ ಕಾಣ್ತಾವ.

ಮೂಲ ಎರಡು ಇಟ್ಕೊಂಡೆ. ಹೊಸ ಪೋಸ್ಟಿಗೆ ಒಂದು ನ್ಯೂಸ್ ಸರ್ವರ್ (ಯೂಸ್‌ನೆಟ್ ಪೋಸ್ಟ್ ಕೊಡೋ ಸರ್ವರ್), ಹಳೇವಕ್ಕ ಇಂಟರ್ನೆಟ್ ಆರ್ಕೈವ್‌ನಾಗಿನ ಎಂಬಾಕ್ಸ್ ಫೈಲು, ಅಂದ್ರ ಭಾಳ ಪೋಸ್ಟ್ ಒಂದರ ಹಿಂದ ಒಂದು ಕೂಡಿಸಿಟ್ಟ ಫೈಲು. ಮನ್ಯಾಗ ಧೂಳು ಹಿಡದಿದ್ದ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಪೈಥಾನ್ ಮತ್ತ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಸಾಕು ಅನ್ಕೊಂಡೆ. ಮೊದಲನೇ ದಿನಾನ ತೊಡಕು ಬಂತು. ನ್ಯೂಸ್ ಸರ್ವರ್ ಜೋಡಿ ಮಾತಾಡೋ ರೀತಿಗೆ (ಪ್ರೋಟೊಕಾಲ್‌ಗೆ) ಎನ್‌ಎನ್‌ಟಿಪಿ ಅಂತಾರ, ಅದಕ್ಕಂತ ಪೈಥಾನ್‌ನಾಗ ಇದ್ದ ಎನ್‌ಎನ್‌ಟಿಪಿಲಿಬ್ ಅನ್ನೋ ತಯಾರ್ ಕೋಡ್ 3.13ರಾಗ ತಗದಬಿಟ್ಟಾರ. ಹಳೇ ವರ್ಷನ್ ಹಾಕ್ಕೋಬಹುದಿತ್ತು, ಆದ್ರ ಪ್ರೋಟೊಕಾಲ್ ಹ್ಯಾಂಗ ನಡೀತೈತಿ ನೋಡೇಬಿಡೂಣ ಅಂತ ನೇರ ಸಾಕೆಟ್ (ಸರ್ವರ್‌ಗೆ ಸೀದಾ ಜೋಡಣಿ) ಮ್ಯಾಲ ನಾನ ಕೋಡ್ ಬರದೆ. ಎನ್‌ಎನ್‌ಟಿಪಿ ನೋಡಿದ್ರ ಭಾಳ ಸರಳ ಐತಿ ರೀ, ಸರ್ವರ್‌ನ ಪೋರ್ಟ್ 119ಕ್ಕ ಹೋಗಿ ಗ್ರೂಪ್ ಅಂತ ಬರದು ಗ್ರೂಪಿನ ಹೆಸರು ಕಳ್ಸಿದ್ರ 211 ಅಂತ ಉತ್ತರ, ಅದರ ಹಿಂದ ಎಷ್ಟು ಪೋಸ್ಟ್, ಮೊದಲಿನ ನಂಬರ್, ಕಡೀ ನಂಬರ್. ಎನ್‌ಕ್ರಿಪ್ಟ್ ಮಾಡಿದ್ದು ಬೇಕಂದ್ರ ಪೋರ್ಟ್ 563.

ಸರಳ ಅಂದ್ಕೊಂಡು ಎರಡು ಕಡೆ ಸಿಕ್ಕೊಂಡೆ. ಪೋಸ್ಟ್ ಮುಗೀತು ಅಂತ ತಿಳಿಸಾಕ ಸರ್ವರ್ ಬರೇ ಒಂದು ಚುಕ್ಕಿ ಇರೋ ಸಾಲು ಕಳಸ್ತೈತಿ, ಅದಕ್ಕ ಪೋಸ್ಟ್‌ನ ಒಳಗಿನ ಸಾಲು ಚುಕ್ಕಿಯಿಂದ ಶುರು ಆದ್ರ ಇನ್ನೊಂದು ಚುಕ್ಕಿ ಸೇರಿಸಿ ಕಳಸ್ತೈತಿ, ತಗೊಂಡವರು ಅದನ್ನ ತಗೀಬೇಕು. ನಾ ತಗದಿರ್ಲಿಲ್ಲ. ಯುನಿಕ್ಸ್ ಗ್ರೂಪಿನ ಒಂದು ಪೋಸ್ಟ್‌ನಾಗ ಡಾಟ್ ಪ್ರೊಫೈಲ್ ಫೈಲಿನ ಹೆಸರಿನ ಮುಂದ ಎರಡು ಚುಕ್ಕಿ ಕಂಡಾಗ ಗೊತ್ತಾತು. ಎರಡನೇದು ಇನ್ನೂ ಕೆಟ್ಟದ್ದು, ನೆಟ್ಟಿನ್ಯಾಗ ಪೋಸ್ಟ್ ತುಂಡು ತುಂಡಾಗಿ ಬರ್ತೈತಿ, ಆ ಕಡೀ ಚುಕ್ಕಿಯ ಸಾಲು ಒಮ್ಮೊಮ್ಮೆ ಅರ್ಧ ಈ ತುಂಡಿನ್ಯಾಗ ಅರ್ಧ ಮುಂದಿನ ತುಂಡಿನ್ಯಾಗ ಬರತಿತ್ತು, ನನ್ನ ಪ್ರೋಗ್ರಾಮು ಬರೇ ಈಗ ಬಂದ ತುಂಡಿನ್ಯಾಗ ಹುಡುಕಿ ಸಿಗದ ಸುಮ್ನ ಕಾಯ್ಕೋತ ಕುಂದರತಿತ್ತು. ಜುಲೈ ತಿಂಗಳು, ಬೆಳಗಾವಿ ಮಳಿ, ದಿನಾ ಕರೆಂಟ್ ಹೋಗೂದು ಬರೂದು, ನೆಟ್ಟಿಂದ ತ್ರಾಸು ಅಂತ ಮೂರು ದಿನ ರೌಟರ್ ನೋಡ್ಕೋತ ಕುಂತೆ.

ಒಮ್ಮೆ ತಂದ ಪೋಸ್ಟ್ ಮತ್ತ ಬದಲಾಗೂದಿಲ್ಲ, ಹಿಂಗಾಗಿ ಮೆಸೇಜ್ ಐಡಿ (ಪ್ರತಿ ಪೋಸ್ಟಿಗೂ ಇರೋ ಬ್ಯಾರೆ ಬ್ಯಾರೆ ಗುರುತು) ಹಚ್ಚಿ ಡೇಟಾಬೇಸ್‌ನಾಗ ಇಟ್ಬಿಟ್ಟೆ, ಸರ್ವರ್‌ಗೆ ಪದೇ ಪದೇ ಹೋಗೂದ ಬ್ಯಾಡ. ತೋರಸೂಮುಂದ ಎಚ್‌ಟಿಎಂಎಲ್ ಎಸ್ಕೇಪ್, ಅಂದ್ರ ಪೋಸ್ಟ್‌ನಾಗಿನ ಕೋಡ್ ಬ್ರೌಸರ್ ನಡಸದಂಗ ಬರೇ ಅಕ್ಷರ ಮಾಡಿ ತೋರಸೂದು, ಮರೀಬ್ಯಾಡ್ರಿ, ಯಾರ ಪೋಸ್ಟ್‌ನಾಗ ಏನ ಇರ್ತೈತೋ. ಇಮೇಲ್ ಅಡ್ರೆಸ್ ಅರ್ಧ ಮುಚ್ಚಿ ತೋರಸ್ತೀನಿ. ಎಕ್ಸ್-ನೋ-ಆರ್ಕೈವ್ ಅಂತ ಹೆಡರ್ (ಪೋಸ್ಟ್‌ನ ಮ್ಯಾಲಿನ ಮಾಹಿತಿ ಸಾಲು) ಇದ್ದ ಪೋಸ್ಟ್ ನಾ ಇಟ್ಕೊಳ್ಳೂದ ಇಲ್ಲ. ಬರದವರು ಇಡಬ್ಯಾಡ್ರಿ ಅಂತ ಆಗ ಹೇಳಿದ್ದು ಇವತ್ತಿಗೂ ಲೆಕ್ಕಕ್ಕ ಬರ್ತೈತಿ, ಇದರಾಗ ನಂಗ ಎರಡು ಮಾತಿಲ್ಲ. ಪೋಸ್ಟ್ ಮಾಡೋ ಸೌಲಭ್ಯ ಕೊಟ್ಟಿಲ್ಲ, ಸ್ಪ್ಯಾಮ್ ಕಾಯಾಕ ಒಬ್ಬನ ಕೈಲೆ ಆಗೂದಿಲ್ಲ.

ಆಗ ಕನ್ನಡ ಟೈಪ್ ಮಾಡಾಕ ಬರತಿರ್ಲಿಲ್ಲಲ್ಲ, ಎಲ್ಲಾರೂ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದಾರ, ದೊಡ್ಡ ಎಲ್ ಅಂದ್ರ ಳ, ದೊಡ್ಡ ಎನ್ ಅಂದ್ರ ಣ. ಕನ್ನಡ ಲಿಪಿಗೆ ತಿರುವೋ ಬಟನ್ ಮಾಡಿದ್ದೆ, ಆದ್ರ ಒಬ್ಬೊಬ್ಬರ ರೂಢಿ ಒಂದೊಂದು, ಒಂದು ಸಾಲು ಸರಿ ಬಂದ್ರ ನಾಲ್ಕು ಸಾಲು ಅರ್ಥ ಆಗತಿರ್ಲಿಲ್ಲ. ಕಾಕಾ ನೋಡಿ "ನಾವು ಬರದಂಗ ಇರ್ಲಿ ಬಿಡು" ಅಂದ್ರು. ತಗದೆ.

ಭಾಳ ದಿನ ಹಿಡದದ್ದು ಉತ್ತರಗಳನ್ನ ಒಂದರ ಕೆಳಗ ಒಂದು ಜೋಡಸೂದು. ಪ್ರತಿ ಉತ್ತರದ ರೆಫರೆನ್ಸಸ್ ಹೆಡರ್‌ನಾಗ ಹಿಂದಿನವರ ಮೆಸೇಜ್ ಐಡಿ ಸಾಲಾಗಿ ಇರ್ತಾವ, ಕಡೇದ್ದು ಅದರ ತಾಯಿ. ತಾಯಿ ಪೋಸ್ಟ್ ನಮ್ಮ ಹತ್ರ ಇಲ್ಲಂದ್ರ ಆ ಜಾಗಾ ಖಾಲಿ ಬಿಟ್ಟು "ಈ ಪೋಸ್ಟ್ ಸಿಕ್ಕಿಲ್ಲ" ಅಂತ ತೋರಸ್ತೀನಿ, ಉತ್ತರ ಅದರ ಕೆಳಗನ ಇರ್ತೈತಿ. ಮೊಬೈಲ್ ಸಣ್ಣದು ಅಂತ ಬಾಣದ ಗುರುತಿನಿಂದ ಶುರು ಆಗೋ ಸಾಲು, ಅಂದ್ರ ಹಿಂದಿನವರ ಮಾತು ಎತ್ತಿ ಬರದದ್ದು, ಎಲ್ಲಾ ಮಡಚಿ ಇಟ್ಟಿದ್ದೆ.

ಕಾಕಾಗ ಮೊಬೈಲ್ ಕೊಟ್ಟೆ. ಹುಡುಕಿದ್ರು, ಹುಡುಕಿದ್ರು, ತಮ್ಮ ಹೆಸರು ಒಂದು ಕಡೀನೂ ಸಿಗ್ಲಿಲ್ಲ. ಮೋತಿ ಸಣ್ಣದಾತು. ಒಂದು ಖಾಲಿ ಜಾಗಾದ ಕೆಳಗಿನ ಉತ್ತರದಾಗ ಮಡಚಿದ ಭಾಗ ನಾನ ತಗದು ತೋರ್ಸಿದೆ, ಐದು ಸಾಲು ಇತ್ತು, ಹಬ್ಬದ ಮುಂದ ಊರಿಂದ ಕುಂದಾ ತರಿಸಿದ್ರ ಎಷ್ಟು ದಿನ ತಡೀತೈತಿ ಅಂತ ಯಾರೋ ಕೇಳಿದ್ದು. "ಲೇ, ಇದು ನಂದು" ಅಂತ ಕಾಕಾ ಎದ್ದು ನಿಂತ್ರು, ಕಾಕೂನ ಕರದು ಓದಿ ತೋರ್ಸಿದ್ರು.

ಅವತ್ತ ರಾತ್ರಿನ ಕೋಡ್ ಬದಲಿ ಮಾಡ್ದೆ. ತಾಯಿ ಪೋಸ್ಟ್ ಇಲ್ಲದ ಉತ್ತರದಾಗ ಎತ್ತಿ ಬರದ ಸಾಲು ಈಗ ಮಡಚೂದಿಲ್ಲ, ತೆರದ ಇರ್ತಾವ, ಖಾಲಿ ಜಾಗಾದಾಗೂ ಅವನ್ನ ತಂದು ತೋರಸ್ತೀನಿ.