ಅಟ್ಲಾಂಟಿಕ್ ದಾಟುವ ಮುಂಚೆ ನಾವು ಮಾಡಿಕೊಂಡ ತಯಾರಿ

ಆಫ್ರಿಕಾ ಪಕ್ಕದ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ನಮ್ಮದರಂಥ 38 ಅಡಿಯ ಹಾಯಿದೋಣಿಗೆ ಹೆಚ್ಚುಕಮ್ಮಿ ಮೂರು ವಾರದ ದಾರಿ. ನವೆಂಬರ್ ಕೊನೆಗೆ ಅಲ್ಲಿ ಚಂಡಮಾರುತದ ಕಾಲ ಮುಗಿಯುತ್ತದೆ. ಆಮೇಲೆ ಈಶಾನ್ಯದ ಗಾಳಿ ಬೆನ್ನಿಗೆ ಸಿಗುತ್ತದೆ. ಆದರೆ ಒಮ್ಮೆ ಹೊರಟರೆ ನಡುವೆ ರಿಪೇರಿಯವರೂ ಇಲ್ಲ, ಅಂಗಡಿಯೂ ಇಲ್ಲ. ಹಾಗಾಗಿ ನಾವು ನಾಲ್ಕು ಜನ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆವು: ನಡುರಾತ್ರಿ, ಕತ್ತಲಲ್ಲಿ, ನಿದ್ದೆಗಣ್ಣಿನ ಒಬ್ಬನಿಂದ ಇದು ಆಗುತ್ತಾ?

ಮೊದಲು ಹಾಯಿಕಂಬ. ಅದನ್ನು ನಿಲ್ಲಿಸಿರುವುದು 19 ಎಳೆ ಹೊಸೆದ ಸ್ಟೀಲ್ ಹಗ್ಗಗಳು. ನಾನು ಒಂದೊಂದಕ್ಕೂ ಟಿಶ್ಯೂ ಕಾಗದ ಸುತ್ತಿ ಮೇಲಿಂದ ಕೆಳಗೆ ಸವರಿಕೊಂಡು ಬಂದೆ. ಒಂದು ಕಡೆ, ಹಗ್ಗ ಕೆಳಗಿನ ಫಿಟ್ಟಿಂಗ್ ಒಳಗೆ ಹೋಗುವ ಬಾಯಲ್ಲೇ, ಕಾಗದ ಸಿಕ್ಕಿ ಹರಿಯಿತು. ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಒಂದೇ ಒಂದು ಎಳೆ ತುಂಡಾಗಿತ್ತು, ಸುತ್ತ ಕಂದು ತುಕ್ಕಿನ ಗೆರೆ. ಒಂದು ಎಳೆ ಹೋಗಿದೆ ಅಂದರೆ ಉಳಿದವಕ್ಕೂ ವಯಸ್ಸಾಗಿದೆ ಅಂತಲೇ ಅರ್ಥ. ಎಲ್ಲ ಹಗ್ಗಗಳನ್ನೂ ಬದಲಾಯಿಸಿದೆವು. ಖರ್ಚು ಜಾಸ್ತಿಯೇ ಆಯಿತು, ಆದರೆ ಬೇರೆ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬಾರದು.

ದೂರದ ಪ್ರಯಾಣದಲ್ಲಿ ಬಿರುಗಾಳಿಗಿಂತ ಜಾಸ್ತಿ ಕಾಡುವುದು ತಿಕ್ಕಾಟ. ಗಾಳಿ ವಾರಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ, ಹಗ್ಗವೂ ಒಂದೇ ಜಾಗದಲ್ಲಿ ಉಜ್ಜುತ್ತಿರುತ್ತದೆ. ಉಜ್ಜುವ ಕಡೆಗೆಲ್ಲ ಹಳೆಯ ನೀರಿನ ಪೈಪ್ ತುಂಡು ತೊಡಿಸಿದೆವು. ಹಾಯಿ ಎತ್ತುವ ಹಗ್ಗವನ್ನು ದಿನಾ ಬೆಳಿಗ್ಗೆ ನಾಲ್ಕು ಬೆರಳಷ್ಟು ಸರಿಸುವುದು ಅಂತ ನಿಯಮ ಮಾಡಿಕೊಂಡೆವು.

ದೋಣಿಯ ತಳದಲ್ಲಿ ನೀರು ಒಳಗೆ, ಹೊರಗೆ ಹೋಗಲು ತೂತುಗಳಿರುತ್ತವೆ. ಅವನ್ನು ಮುಚ್ಚಿ ತೆರೆಯುವ ಪ್ರತಿ ವಾಲ್ವ್ ಪಕ್ಕದಲ್ಲೇ ಆ ತೂತಿನ ಅಳತೆಯ ಮರದ ಬಿರಡೆ ಕಟ್ಟಿ ನೇತುಹಾಕಿದೆವು. ಪೈಪ್ ಕಿತ್ತುಹೋಗಿ ನೀರು ನುಗ್ಗಿದರೆ ಪೆಟ್ಟಿಗೆ ತಡಕುತ್ತಾ ಕೂರಲು ಹೊತ್ತಿರುವುದಿಲ್ಲ ಅಲ್ವಾ?

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದು ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸಕ್ಕೆ. ಬೊಂಬೆ ಬೇಡ, ನಿಜವಾದ ಮನುಷ್ಯನೇ ಇರಲಿ ಅಂತ ನಮ್ಮಲ್ಲೇ ದಪ್ಪಗಿರುವವನು ಲೈಫ್‌ಜಾಕೆಟ್ ಹಾಕಿಕೊಂಡು ನೀರಿಗಿಳಿದ. ಇಬ್ಬರು ಕೈ ಹಿಡಿದು ಎಳೆದರೂ ಅವನು ಮೇಲೆ ಬರಲೇ ಇಲ್ಲ. ಒದ್ದೆ ಬಟ್ಟೆಯ ಭಾರ ಅಷ್ಟಿರುತ್ತದೆ. ಹಾಯಿ ಎತ್ತುವ ಹಗ್ಗವನ್ನೇ ಅವನ ಜಾಕೆಟ್ಟಿನ ಕೊಂಡಿಗೆ ಸಿಕ್ಕಿಸಿ ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ತಿರುಗಿಸಿದಾಗ ನಿಧಾನವಾಗಿ ಮೇಲೆದ್ದ. "ಇನ್ನೊಂದ್ಸಲ ಮಾಡೋಣ, ಈ ಸಲ ನೀನೊಬ್ಬನೇ ಎತ್ತು" ಅಂದ ನನಗೆ. ನಾಲ್ಕೂ ಜನ ಒಬ್ಬೊಬ್ಬರೇ ಎತ್ತಬಲ್ಲೆವು ಅನ್ನುವ ತನಕ ಬಿಡಲಿಲ್ಲ. ಹಾಗಂತ ಬೀಳದಿರುವುದೇ ಮುಖ್ಯ. ಕತ್ತಲಾದ ಮೇಲೆ ಜಾಕೆಟ್ಟಿನ ಸುರಕ್ಷತಾ ಪಟ್ಟಿ ದೋಣಿಗೆ ಸಿಕ್ಕಿಸಿಕೊಳ್ಳದೆ ಯಾರೂ ಮೇಲೆ ಬರುವಂತಿಲ್ಲ ಅಂತ ಮಾತಾಯಿತು.

ರಾತ್ರಿ ಮೂರು ಮೂರು ಗಂಟೆಯ ಪಾಳಿ. ಪಾಳಿ ಮುಗಿಸಿದವನ ನಿದ್ದೆ ಕೆಡಿಸಬಾರದು. ಸುಮ್ನೆ ಮಾತಿಗೆ ಅಂತ ಎಬ್ಬಿಸುವಂತಿಲ್ಲ. ಭಯವಾದರೆ ಮಾತ್ರ, ಯಾವ ಹೊತ್ತಾದರೂ, ಸಂಕೋಚವಿಲ್ಲದೆ ಎಬ್ಬಿಸಬೇಕು.

ಕುಡಿಯಲು ತಲೆಗೆ ದಿನಕ್ಕೆ 3 ಲೀಟರ್, 30 ದಿನಕ್ಕೆ ಲೆಕ್ಕ ಹಾಕಿ 360 ಲೀಟರ್ ನೀರು. ಅದನ್ನು ಒಂದೇ ಟ್ಯಾಂಕಿನಲ್ಲಿ ಇಡಲಿಲ್ಲ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಟ್ಟೆವು, ಜಿರಳೆ ಮೊಟ್ಟೆ ಬರುವುದೇ ಅವುಗಳಲ್ಲಿ. ಮೊದಲ ದಿನಗಳಲ್ಲಿ ಕಡಲ ವಾಂತಿ ಕಾಡುತ್ತದೆ, ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಅದಕ್ಕೆಂದೇ ಊರಿಂದ ತಂದ ಅವಲಕ್ಕಿ, ಚಟ್ನಿಪುಡಿ ಕೈಗೆಟಕುವಲ್ಲಿ ಇಟ್ಟೆ. ನನ್ನ ಮೂವರು ಜೊತೆಗಾರರಿಗೂ ಅದು ಹಿಡಿಸಿತು.

ಹೊರಡುವ ದಿನದ ಬಗ್ಗೆ ಒಂದು ಮಾತು. ಕೆನರಿಯ ಎತ್ತರದ ದ್ವೀಪಗಳ ನಡುವಿನ ಸಂದಿಯಲ್ಲಿ ಗಾಳಿ ನುಗ್ಗಿ ಜೋರಾಗುತ್ತದೆ. ತೆರೆದ ಕಡಲಲ್ಲಿ ಗಾಳಿಯ ವೇಗ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಇದ್ದರೆ ಅಲ್ಲಿ 30 ಕೂಡ ಸಿಗಬಹುದು. ಅದಕ್ಕೇ ಬಂದರಿನಲ್ಲಿ ಗಾಳಿ ಮೆತ್ತಗಿದ್ದರೂ ದೊಡ್ಡ ಹಾಯಿಯನ್ನು ಮೊದಲೇ ಎರಡು ಮಡಿಕೆ ಮಡಿಸಿ ಕಟ್ಟಿ, ಚಿಕ್ಕದು ಮಾಡಿಕೊಂಡೇ ಹೊರಟೆವು.