ಕಂಪ್ಯೂಟರ್ ಪರದೆಯಲ್ಲಿ ಕನ್ನಡವನ್ನು ಆಯಾಸವಿಲ್ಲದೆ ಓದುವ ಬಗೆ

ಕಾಸರಗೋಡಿನ ಕನ್ನಡಿಗರ ಕಂಪ್ಯೂಟರಿನಲ್ಲಿ ದಿನವೂ ಮೂರು ಲಿಪಿಗಳು ಓಡಾಡುತ್ತವೆ. ಪಂಚಾಯತಿನ ಅರ್ಜಿ ಮತ್ತು ಸರಕಾರದ ಸುತ್ತೋಲೆ ಮಲಯಾಳದಲ್ಲಿ, ಕಂಪ್ಯೂಟರಿನ ಮೆನುಗಳು ಇಂಗ್ಲಿಷಿನಲ್ಲಿ, ಪತ್ರಿಕೆ, ಮಕ್ಕಳ ಪಾಠ ಹಾಗೂ ದೇವಸ್ಥಾನದ ಆಮಂತ್ರಣ ಕನ್ನಡದಲ್ಲಿ ಇರುತ್ತವೆ. ಆದರೆ ಅಕ್ಷರದ ಗಾತ್ರ ಮತ್ತು ಸಾಲುಗಳ ಅಂತರ ಮಾತ್ರ ಹೆಚ್ಚಾಗಿ ಇಂಗ್ಲಿಷನ್ನು ಗಮನದಲ್ಲಿಟ್ಟುಕೊಂಡೇ ನಿಗದಿಯಾಗಿರುತ್ತವೆ. ಕನ್ನಡ ಓದುವಾಗ ಕಣ್ಣು ಬೇಗ ದಣಿಯುವುದಕ್ಕೆ ಇದೂ ಒಂದು ಮುಖ್ಯ ಕಾರಣ. ವಯಸ್ಸಾಯಿತೆಂದು ಸುಮ್ಮನಾಗುವ ಮೊದಲು ಕಂಪ್ಯೂಟರಿನ ಹೊಂದಾಣಿಕೆಯನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

‘ರಾಷ್ಟ್ರ’ ಎಂಬ ಪದವನ್ನು ಪರದೆಯ ಮೇಲೆ ಹತ್ತಿರದಿಂದ ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದರೊಂದಿಗೆ ರಕಾರದ ಒತ್ತು, ಇವೆಲ್ಲವೂ ಒಂದೇ ಅಕ್ಷರದ ಪಾಲಿನ ಜಾಗದಲ್ಲಿ ಕೂರಬೇಕು. ‘ಪ’ ಮತ್ತು ‘ಷ’ಗಳಿಗೆ ಇರುವ ವ್ಯತ್ಯಾಸ ಒಳಗಿನ ಒಂದು ಗೆರೆ ಮಾತ್ರ, ‘ದ’ ಮತ್ತು ‘ಥ’ಗಳನ್ನು ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಗಾತ್ರ ಸಣ್ಣದಾದರೆ ಮೊದಲು ಅಳಿಸಿಹೋಗುವುದು ಈ ಗೆರೆ, ಚುಕ್ಕೆ ಮತ್ತು ಒತ್ತುಗಳೇ. ಆದ್ದರಿಂದ ಇಂಗ್ಲಿಷ್ 12 ಪಾಯಿಂಟಿನಲ್ಲಿ ಸುಖವಾಗಿ ಓದಿಸಿಕೊಂಡರೆ ಕನ್ನಡಕ್ಕೆ 14 ಅಥವಾ 15 ಪಾಯಿಂಟ್ ಕೊಡುವುದು ನ್ಯಾಯ.

ಮೊದಲು ಸರಿಪಡಿಸಬೇಕಾದದ್ದು ಪರದೆಯ ರೆಸಲ್ಯೂಶನ್, ಅಂದರೆ ಚಿತ್ರವನ್ನು ರಚಿಸುವ ಚುಕ್ಕೆಗಳ ಸಂಖ್ಯೆ. ಅಕ್ಷರ ದೊಡ್ಡದಾಗಲೆಂದು ರೆಸಲ್ಯೂಶನ್ ತಗ್ಗಿಸುವ ಅಭ್ಯಾಸ ಅನೇಕರಲ್ಲಿದೆ. ಹಾಗೆ ಮಾಡಿದಾಗ ಅಕ್ಷರ ದೊಡ್ಡದಾಗುವುದೇನೋ ನಿಜ, ಆದರೆ ಪರದೆಯ ಸಹಜ ಚುಕ್ಕೆಗಳಿಗೆ ಚಿತ್ರ ಹೊಂದದೆ ಅಂಚುಗಳೆಲ್ಲ ಮಸುಕಾಗುತ್ತವೆ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ ತೆರೆದು, ರೆಕಮೆಂಡೆಡ್ ಎಂದು ಗುರುತಿಸಿರುವ ರೆಸಲ್ಯೂಶನನ್ನೇ ಉಳಿಸಿಕೊಳ್ಳಿ. ಅದೇ ಪುಟದಲ್ಲಿರುವ ಸ್ಕೇಲ್ ಎಂಬಲ್ಲಿ 125 ಅಥವಾ 150 ಶೇಕಡಾ ಆಯ್ದುಕೊಂಡರೆ ಅಕ್ಷರ, ಗುಂಡಿ, ಚಿತ್ರ ಎಲ್ಲವೂ ಸ್ಪಷ್ಟತೆ ಕೆಡದೆ ಹಿಗ್ಗುತ್ತವೆ. ಅಕ್ಷರ ಮಾತ್ರ ದೊಡ್ಡದಾದರೆ ಸಾಕೆನ್ನುವವರು, ವಿಂಡೋಸ್ 11 ಆಗಿದ್ದರೆ, ಆಕ್ಸೆಸಿಬಿಲಿಟಿ ವಿಭಾಗದ ಟೆಕ್ಸ್ಟ್ ಸೈಜ್‌ನಲ್ಲಿ ಅದನ್ನು 225 ಶೇಕಡಾದವರೆಗೂ ಏರಿಸಬಹುದು. ಬಳಿಕ ಸ್ಟಾರ್ಟ್ ಮೆನುವಿನಲ್ಲಿ, ಅಕ್ಷರಗಳ ಅಂಚನ್ನು ಸ್ಪಷ್ಟಗೊಳಿಸುವ ಕ್ಲಿಯರ್‌ಟೈಪ್ ಎಂಬ ಸೌಲಭ್ಯವನ್ನು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಹಿತವಾದದ್ದನ್ನು ಆರಿಸುತ್ತ ಹೋಗಿ. ಮಾದರಿಗಳು ಇಂಗ್ಲಿಷಿನವೇ ಆದರೂ ಹೊಂದಾಣಿಕೆ ಕನ್ನಡದ ಅಕ್ಷರಗಳಿಗೂ ಅನ್ವಯಿಸುತ್ತದೆ.

ಬ್ರೌಸರಿನಲ್ಲಿ ಕಂಟ್ರೋಲ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಪುಟ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೊದಲಿನ ಗಾತ್ರಕ್ಕೆ ಬರುತ್ತದೆ ಎಂಬುದು ಹಲವರಿಗೆ ಗೊತ್ತು. ಅಷ್ಟಾಗಿ ಬಳಕೆಗೆ ಬಾರದ, ಆದರೆ ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಒದಗಿಬರುವ ಸೌಲಭ್ಯವೊಂದು ಫೈರ್‌ಫಾಕ್ಸ್‌ನಲ್ಲಿದೆ. ಅದರ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಫಾಂಟ್ಸ್ ಎಂಬುದನ್ನು ಹುಡುಕಿ, ಪಕ್ಕದ ಅಡ್ವಾನ್ಸ್‌ಡ್ ಗುಂಡಿಯನ್ನು ಒತ್ತಿದರೆ, ಯಾವ ಲಿಪಿಗೆ ಯಾವ ಫಾಂಟ್, ಎಷ್ಟು ಗಾತ್ರ, ಕನಿಷ್ಠ ಗಾತ್ರ ಎಷ್ಟಿರಬೇಕು ಎಂಬುದನ್ನು ಬೇರೆಬೇರೆಯಾಗಿ ನಿಗದಿಪಡಿಸಬಹುದು. ಪಟ್ಟಿಯಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಕನ್ನಡಕ್ಕೆ 20 ಎಂದೂ ಮಲಯಾಳಕ್ಕೆ 18 ಎಂದೂ ಕೊಟ್ಟುಕೊಳ್ಳಲು ಅಡ್ಡಿಯಿಲ್ಲ. ತನ್ನ ಭಾಷೆ ಯಾವುದೆಂದು ಸರಿಯಾಗಿ ಸೂಚಿಸಿಕೊಂಡ ಪುಟಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರೋಮ್‌ನಲ್ಲಿ ಅಪಿಯರೆನ್ಸ್ ವಿಭಾಗದ ಕಸ್ಟಮೈಸ್ ಫಾಂಟ್ಸ್‌ನಲ್ಲಿ ಕನಿಷ್ಠ ಗಾತ್ರವನ್ನು ಹೊಂದಿಸಬಹುದಾದರೂ ಅಲ್ಲಿ ಭಾಷೆಗೊಂದರಂತೆ ಗಾತ್ರ ಕೊಡುವ ಏರ್ಪಾಡಿಲ್ಲ. ಜಾಹೀರಾತುಗಳ ನಡುವೆ ಸುದ್ದಿ ಓದುವುದು ಕಷ್ಟವಾದಾಗ, ವಿಂಡೋಸಿನಲ್ಲಿ ಫೈರ್‌ಫಾಕ್ಸ್ ಅಥವಾ ಎಡ್ಜ್ ಬಳಸುವವರು ಎಫ್9 ಕೀಲಿಯನ್ನು ಒತ್ತಿ ನೋಡಬೇಕು. ಪುಟ ಆ ಕೀಲಿ ತೆರೆಯುವ ಓದುವ ಸೌಲಭ್ಯಕ್ಕೆ ಒಗ್ಗುವಂಥದ್ದಾಗಿದ್ದರೆ ಬರಹವೊಂದೇ ಉಳಿದು, ಗಾತ್ರ ಮತ್ತು ಹಿನ್ನೆಲೆಯ ಬಣ್ಣ ನಮ್ಮ ಇಷ್ಟದಂತೆ ಸಿಗುತ್ತವೆ.

ಫಾಂಟಿನ ಆಯ್ಕೆ ಇದಕ್ಕಿಂತಲೂ ಮುಖ್ಯ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಫಾಂಟ್ ಅದೇ ಪಾಯಿಂಟಿನಲ್ಲಿ ಉಳಿದವಕ್ಕಿಂತ ಸಣ್ಣದಾಗಿ, ತೆಳ್ಳಗೆ ಕಾಣುತ್ತದೆ. ವಿಂಡೋಸ್ 8ರಿಂದ ಬಂದಿರುವ ನಿರ್ಮಲಾ ಯುಐ ಪರದೆಗೆ ಎಷ್ಟೋ ವಾಸಿ. ಅದರಲ್ಲಿ ಕನ್ನಡ, ಮಲಯಾಳ ಎರಡೂ ಒಂದೇ ಹದದಲ್ಲಿರುವುದರಿಂದ ಎರಡು ಭಾಷೆಗಳು ಬೆರೆತ ಕಡತಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ದೀರ್ಘ ಓದಿಗೆ ನನ್ನ ಒಲವು ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡದ ಕಡೆಗೆ. ತೀರ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳು ಅದರಲ್ಲಿ ಇರುವುದರಿಂದ, ಸಾಧಾರಣ ಅಕ್ಷರ ತೆಳುವೆನಿಸಿದವರು ಮೀಡಿಯಂ ತೂಕವನ್ನು ಆಯ್ದುಕೊಳ್ಳಬಹುದು. ಅಲಂಕಾರದ ಫಾಂಟುಗಳು ಶೀರ್ಷಿಕೆಗಷ್ಟೇ ಇರಲಿ.

ವರ್ಡ್ ಕಡತಗಳಲ್ಲಿ ಕಾಣುವ ಒಂದು ತೊಂದರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಪ್ಯಾರಾಗ್ರಾಫ್ ಹೊಂದಾಣಿಕೆಯಲ್ಲಿ ಸಾಲಿನ ಅಂತರ ಎಕ್ಸಾಕ್ಟ್‌ಲಿ ಎಂದಿದ್ದು, ಕೊಟ್ಟ ಅಳತೆ ಅಕ್ಷರಕ್ಕೆ ಸಾಲದಿದ್ದರೆ, ‘ಶಾಸ್ತ್ರ’, ‘ಲಕ್ಷ್ಮಿ’ಯಂಥ ಪದಗಳ ಒತ್ತುಗಳು ಅಥವಾ ಮೇಲಿನ ಗುಡಿಸುಗಳು ಕತ್ತರಿಸಿಹೋಗುತ್ತವೆ. ಓದುವವರು ಫಾಂಟನ್ನು ದೂರುತ್ತಾರೆ. ತಪ್ಪು ಇರುವುದು ಅಂತರದಲ್ಲಿ. ಅದನ್ನು ಮಲ್ಟಿಪಲ್ ಎಂದು ಬದಲಿಸಿ 1.3ರಿಂದ 1.5ರವರೆಗಿನ ಅಳತೆ ಕೊಟ್ಟರೆ ಒತ್ತುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಬಳಸುವವರು ಕ್ಯಾರೆಕ್ಟರ್ ಸಂವಾದಪೆಟ್ಟಿಗೆಯಲ್ಲಿ ಇಂಗ್ಲಿಷಿಗೆ ಒಂದು, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಹೆಸರಿನಡಿ ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಗಾತ್ರ ಇರುವುದನ್ನು ಗಮನಿಸಬೇಕು. ಮೊದಲನೆಯದನ್ನು ಎಷ್ಟು ಬದಲಿಸಿದರೂ ಕನ್ನಡ ಕದಲುವುದಿಲ್ಲ.

ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರಿಗೂ ಲಿಬ್ರೆಆಫೀಸಿನ ಈ ವಿಷಯ ಉಪಯುಕ್ತ, ಏಕೆಂದರೆ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಶಾಲೆಗಳ ತಂತ್ರಜ್ಞಾನವನ್ನು ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆ, ವಿಂಡೋಸಿನ ಬದಲಿಗೆ ಬಳಸುವ ಉಚಿತ ವ್ಯವಸ್ಥೆಯಾದ ಉಬುಂಟು ಆಧಾರದಲ್ಲಿ ಸಿದ್ಧಪಡಿಸಿದ ತಂತ್ರಾಂಶವಿರುತ್ತದೆ. ಉಬುಂಟುವಿನ ಗ್ನೋಮ್ ಪರದೆಯಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಲಾರ್ಜ್ ಟೆಕ್ಸ್ಟ್ ಎಂಬುದನ್ನು ಚಾಲೂ ಮಾಡಿದರೆ ಮೆನುಗಳ ಅಕ್ಷರವೂ ಹಿಗ್ಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಂಬ ಫಾಂಟುಗಳನ್ನು ಉಬುಂಟುವಿನ ತಂತ್ರಾಂಶ ಭಂಡಾರದಿಂದಲೇ ಹಾಕಿಕೊಳ್ಳಬಹುದು.

ಕೆಲವು ಹಳೆಯ ಕಡತಗಳನ್ನು ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಅವು ಎಲ್ಲ ಭಾಷೆಗಳ ಅಕ್ಷರಗಳಿಗೂ ಏಕರೂಪದ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚಾದವು. ಗಾತ್ರ ಹೆಚ್ಚಿಸಿ ಪ್ರಯೋಜನವಿಲ್ಲ, ಯುನಿಕೋಡಿಗೆ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಅವುಗಳನ್ನು ಓದಲು ವಿಂಡೋಸಿನ ಭೂತಗನ್ನಡಿ ನೆರವಾಗುತ್ತದೆ: ವಿಂಡೋಸ್ ಕೀಲಿಯೊಂದಿಗೆ ಪ್ಲಸ್ ಒತ್ತಿದರೆ ಅದು ತೆರೆಯುತ್ತದೆ, ಅದೇ ಕೀಲಿಯೊಂದಿಗೆ ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ.

ಬೆಳಕಿನ ವಿಚಾರದಲ್ಲಿ ನಮ್ಮ ಮಳೆಗಾಲವನ್ನು ಮರೆಯಬಾರದು. ಜೂನ್, ಜುಲೈ ತಿಂಗಳುಗಳಲ್ಲಿ ಹಗಲಲ್ಲೇ ಕೋಣೆ ಕತ್ತಲಾಗಿರುವಾಗ, ಮೇ ತಿಂಗಳ ಬಿಸಿಲಿಗೆಂದು ಏರಿಸಿದ ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಪಕ್ಕದಲ್ಲೊಂದು ಬಿಳಿ ಕಾಗದ ಹಿಡಿದು, ಪರದೆಯ ಬಿಳುಪು ಅದಕ್ಕೆ ಸರಿಸುಮಾರು ಸಮವಾಗುವಷ್ಟು ಬೆಳಕನ್ನು ತಗ್ಗಿಸಿ. ಕಿಟಕಿ ಬೆನ್ನ ಹಿಂದೆಯೂ ಪರದೆಯ ಹಿಂದೆಯೂ ಬರದೆ ಪಕ್ಕಕ್ಕಿರುವಂತೆ ಮೇಜನ್ನು ತಿರುಗಿಸಿ, ಪರದೆಯನ್ನು ಒಂದು ತೋಳಿನಳತೆ ದೂರದಲ್ಲಿಡಿ. ಎರಡು ಬಗೆಯ ಗಾಜಿನ ಕನ್ನಡಕ ಧರಿಸುವ ಹಿರಿಯರು ಪರದೆಯನ್ನು ಸ್ವಲ್ಪ ಕೆಳಕ್ಕಿಳಿಸಿ ತುಸು ಹಿಂದಕ್ಕೆ ಓರೆಯಾಗಿಸಿದರೆ, ಕೆಳಗಿನ ಗಾಜಿನಿಂದ ಓದಲು ಕತ್ತನ್ನು ಮೇಲೆತ್ತಬೇಕಾಗಿ ಬರುವುದಿಲ್ಲ.